ಎಡಗೈಯಕ್ಕನ ಬಲಗೈಗೆ ಹೆದರಿದ ಥ್ರಾಟಲ್

ಎಡಗೈಯಕ್ಕನ ಎಲೆಕ್ಟ್ರಿಕ್ ಸೈಕಲ್ಲಿಗೆ ಅವಳೊಬ್ಬಳನ್ನು ಕಂಡರೆ ಮಾತ್ರ ಆಗುತ್ತಿರಲಿಲ್ಲ. ತಮ್ಮ ಹತ್ತಿದರೆ ಸಾಧು. ರಿಪೇರಿ ಅಂಗಡಿಯ ಮೆಕ್ಯಾನಿಕ್ ಹತ್ತಿದರೆ ಇನ್ನೂ ಸಾಧು. ಅಕ್ಕ ಹತ್ತಿದಳೋ, ಮುಗಿಯಿತು ಕಥೆ. ಒಂದೋ ಸ್ವಿಚ್ ಹಾಕಿದರೂ ಕಮಕ್ ಕಿಮಕ್ ಎನ್ನದೆ ನಿಂತುಬಿಡುತ್ತಿತ್ತು. ಇಲ್ಲವೇ ಥ್ರಾಟಲ್ಲಿಗೆ, ಅಂದರೆ ಬಲಗೈ ಹಿಡಿಕೆಯ ಪಕ್ಕ ಹೆಬ್ಬೆರಳಿನಿಂದ ಒತ್ತುವ ಆ ಪುಟ್ಟ ಪಟ್ಟಿಗೆ, ಬೆರಳು ತಾಗುವ ಮೊದಲೇ ಚಂಗನೆ ಮುಂದಕ್ಕೆ ಜಿಗಿಯುತ್ತಿತ್ತು. ಒಂದು ಯಂತ್ರಕ್ಕೆ ಇಷ್ಟು ಪಕ್ಷಪಾತ ಎಲ್ಲಿಂದ ಬರಬೇಕು?

ಅಕ್ಕನಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದೆ, ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಮನೆಮನೆಗೆ ಹೋಗಿ ಅಳತೆ ತೆಗೆದು ಕಿಟಕಿಯ ಪರದೆ, ಸೋಫಾದ ಹೊದಿಕೆ ಹೊಲಿದುಕೊಡುವ ಟೈಲರ್ ಅವಳು. ಕೆಲಸ ಕಲಿಸಿದ ಮುದುಕ ಟೈಲರ್ ಮೊದಲ ದಿನವೇ ಅವಳ ಎಡಗೈಯಲ್ಲಿ ಕತ್ತರಿ ಕಂಡು, "ಆ ಕೈಗೆ ಕತ್ತರಿ ಕೊಟ್ಟರೆ ಬಟ್ಟೆ ಗತಿ ಏನಮ್ಮ" ಎಂದು ಹಣೆ ಚಚ್ಚಿಕೊಂಡಿದ್ದನಂತೆ. ವರ್ಷ ತುಂಬುವುದರೊಳಗೆ ಜಾರುವ ರೇಷ್ಮೆ ಬಂದರೆ ಅವನೇ ಅವಳ ಮುಂದೆ ತಂದು ಹಾಕತೊಡಗಿದ. ಇವತ್ತಿಗೂ ಗೀಟು ಹಾಕದೆ ಉದ್ದಕ್ಕೆ ಕತ್ತರಿಸಿಕೊಂಡು ಹೋಗುತ್ತಾಳೆ, ಒಂದು ಎಳೆ ಆಚೀಚೆ ಆಗುವುದಿಲ್ಲ. ಗುಂಡುಸೂಜಿ ಸಿಕ್ಕಿಸಿಡುವ ಪಟ್ಟಿಯನ್ನು ಉಳಿದ ಟೈಲರುಗಳು ಎಡ ಮಣಿಕಟ್ಟಿಗೆ ಕಟ್ಟಿದರೆ ಇವಳದು ಬಲಕ್ಕೆ. ಸ್ನಾನಕ್ಕೆ, ನಿದ್ದೆಗೆ ಬಿಟ್ಟರೆ ಅದನ್ನು ಬಿಚ್ಚಿದವಳಲ್ಲ.

ಮಂಡಿಗಳು ಕೈಕೊಟ್ಟ ಮೇಲೆ, ಪೆಡಲ್ ತುಳಿಯದೆಯೂ ಓಡುವ ಈ ಸೈಕಲ್ಲನ್ನು ಕೊಂಡುಕೊಂಡಿದ್ದಳು. ಅದು ಬಂದಿದ್ದೇ ಬಂದಿದ್ದು, ಅಕ್ಕನಿಗೆ ರೆಕ್ಕೆ ಮೂಡಿದವು. ಸೇತುವೆಯಾಚೆಯ ದೊಡ್ಡ ದೊಡ್ಡ ಕಿಟಕಿಗಳ ಮನೆಗಳೆಲ್ಲ ಅವಳ ಗಿರಾಕಿಗಳಾದವು. ಯಾರನ್ನೂ ಕಾಯುವಂತಿಲ್ಲ, ಯಾರ ಹಂಗೂ ಇಲ್ಲ. ಒಂದು ವರ್ಷ ಹೀಗೆ ಸುಖವಾಗಿ ನಡೆದದ್ದು, ಹೋದ ತಿಂಗಳಿಂದ ಹದಗೆಟ್ಟಿತು.

ಮೆಕ್ಯಾನಿಕ್ ವೈರು ನೋಡಿದ, ಬ್ಯಾಟರಿ ನೋಡಿದ, ಕೊನೆಗೆ ಥ್ರಾಟಲ್ಲನ್ನೇ ಹೊಸದು ಹಾಕಿದ. ಮಾರನೆಯ ದಿನವೇ ಸೈಕಲ್ ಅಕ್ಕನನ್ನು ಹೊತ್ತುಕೊಂಡು ಹೋಗಿ ಎದುರುಮನೆಯ ಗೇಟಿಗೆ ಗುದ್ದಿತು. ಮೊಣಕೈ ತರಚಿತು, ಅಷ್ಟೇ. ಆದರೆ ತಮ್ಮನ ಜೀವ ಬಾಯಿಗೆ ಬಂದಿತ್ತು. ಅಕ್ಕನ ಮೇಲೆ ಅವನಿಗೆ ಪ್ರಾಣ. ಆ ಪ್ರಾಣ ಹೆಚ್ಚಾದಾಗಲೆಲ್ಲ ಅವನ ಬಾಯಿಗೆ ಲಗಾಮಿರುವುದಿಲ್ಲ. ತಾನೇ ಬೀದಿಯಲ್ಲಿ ಸುತ್ತು ಹೊಡೆದು ಬಂದು ಹೇಳಿಬಿಟ್ಟ: "ಸೈಕಲ್ಲಲ್ಲಿ ಏನೂ ಇಲ್ಲ ಅಕ್ಕ. ನಿನ್ನ ಕೈ ನಡುಗ್ತಾ ಇದೆ. ವಯಸ್ಸಾಯ್ತು, ಒಪ್ಕೋ. ಮಾರಿಬಿಡೋಣ."

ಸೈಕಲ್ ಹೋದರೆ ಹೋಗಲಿ ಎನ್ನಬಹುದಿತ್ತು. ಕೈ ನಡುಗುತ್ತಿದೆ ಎಂದರೆ? ಈ ಕೈಯನ್ನು ನಂಬಿಯೇ ಅವಳು ಇಷ್ಟು ವರ್ಷ ತಲೆಯೆತ್ತಿ ಬದುಕಿದ್ದು. ಅಂದಿನಿಂದ ಅಕ್ಕ ಕದ್ದು ಕದ್ದು ತನ್ನ ಬೆರಳುಗಳನ್ನೇ ನೋಡಿಕೊಳ್ಳತೊಡಗಿದಳು. ನೆಟ್ಟಗೆ ಇದ್ದಾವೆ ಅನ್ನಿಸುತ್ತಿತ್ತು. ಮರುಕ್ಷಣವೇ ಇಲ್ಲ ಅನ್ನಿಸುತ್ತಿತ್ತು. ಗಿರಾಕಿಯೊಬ್ಬರು ಕೊಟ್ಟ ಬೆಲೆಬಾಳುವ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಕತ್ತರಿ ಹಿಡಿದು, ಹಾಗೇ ಮಡಚಿಟ್ಟಳು. ಇಂಥ ಹೆದರಿಕೆ ಅವಳಿಗೆ ಕಲಿಯುವ ಕಾಲದಲ್ಲೂ ಇರಲಿಲ್ಲ.

ತಮ್ಮನೇ ಗೊತ್ತುಮಾಡಿದ ಗಿರಾಕಿ, ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಸೈಕಲ್ ಕೊಳ್ಳಲು ಸಂಜೆ ಬರುವುದೆಂದಾಯಿತು. ಮಧ್ಯಾಹ್ನ ಅಕ್ಕ ಹಟ ಹಿಡಿದು ಸೈಕಲ್ಲನ್ನು ತಳ್ಳಿಕೊಂಡೇ ಅಂಗಡಿಗೆ ಹೋದಳು. ತಮ್ಮ ಗೊಣಗುತ್ತಾ ಹಿಂದೆ ಬಂದ.

"ಇನ್ನೊಂದು ಸಲ ಬಿಚ್ಚಿ ನೋಡಪ್ಪ. ನನ್ನ ಸಮಾಧಾನಕ್ಕೆ," ಎಂದಳು ಅಕ್ಕ.

"ಅಕ್ಕಾ, ಇನ್ನು ಬಿಚ್ಚೋಕೆ ಉಳಿದಿರೋದು ನನ್ನ ತಲೆ ಒಂದೇ," ಎಂದ ಮೆಕ್ಯಾನಿಕ್. ಆದರೂ ಸೈಕಲ್ಲನ್ನು ಹಿಂದಿನ ಚಕ್ರ ನೆಲ ಬಿಡುವಂತೆ ಸ್ಟ್ಯಾಂಡಿಗೇರಿಸಿ, ಥ್ರಾಟಲ್ಲಿನ ಮುಚ್ಚಳ ಬಿಚ್ಚಿದ. ಒಳಗೆಲ್ಲ ಹೊಸದು, ಹೊಳೆಯುತ್ತಿತ್ತು. ಮುಚ್ಚಳ ಮತ್ತೆ ಹಾಕಲು ನೋಡಿದರೆ ಸಾಸಿವೆಯಷ್ಟು ಸ್ಕ್ರೂ ಒಂದು ಮಾಯ.

ಮೆಕ್ಯಾನಿಕ್ ಬೆಂಚಿನ ಕೆಳಗೆ ತೂರಿದ. ತಮ್ಮ ಟೈರುಗಳನ್ನು ಸರಿಸಿದ. ಅಕ್ಕ ಕನ್ನಡಕ ಏರಿಸಿಕೊಂಡು, ಮಂಡಿ ನೋವು ಮರೆತು, ನೆಲದ ಮೇಲೆ ಅಂಗೈ ಸವರಿದಳು. ಮೂರೂ ಜನ ಒಂದು ಸ್ಕ್ರೂಗಾಗಿ ಅಂಗಡಿ ಗುಡಿಸಿದ ಹಾಗಾಯಿತು. ಎದ್ದುನಿಂತ ಮೆಕ್ಯಾನಿಕ್ ಅಕ್ಕನ ಮಣಿಕಟ್ಟನ್ನೇ ನೋಡುತ್ತಾ ನಿಂತ. ಪಟ್ಟಿಯ ಮೇಲೆ, ಗುಂಡುಸೂಜಿಗಳ ನಡುವೆ, ಸ್ಕ್ರೂ ಹಾಯಾಗಿ ಅಂಟಿಕೊಂಡು ಕೂತಿತ್ತು.

"ಅಕ್ಕಾ, ಇದರೊಳಗೆ ಏನಿದೆ?"

"ಅಯಸ್ಕಾಂತ ಕಣಪ್ಪ. ಹಳೇದು ಸ್ಪಂಜಿಂದು, ಹರಿದುಹೋಯ್ತು. ಕೆಟ್ಟ ಸ್ಪೀಕರ್ ಬಿಚ್ಚಿ, ಅದರದ್ದನ್ನ ಒಳಗಿಟ್ಟು ನಾನೇ ಹೊಲ್ಕೊಂಡೆ. ಸೂಜಿ ಚುಚ್ಚೋ ಗೋಜೇ ಇಲ್ಲ, ಹತ್ತಿರ ತಂದ್ರೆ ಸಾಕು ಹಿಡ್ಕೊಳ್ಳುತ್ತೆ."

"ಯಾವಾಗ ಹೊಲಿದ್ರಿ?"

"ಹೋದ ತಿಂಗಳು," ಎಂದಳು ಅಕ್ಕ. ಹೇಳುತ್ತಿದ್ದ ಹಾಗೇ ಅವಳ ದನಿ ಇಳಿಯಿತು.

ಮೆಕ್ಯಾನಿಕ್‌ನ ಮಾತಿಗೆ ಈಗ ತಡೆಯೇ ಇಲ್ಲ. ಥ್ರಾಟಲ್ಲಿನೊಳಗೂ ಒಂದು ಚೂರು ಅಯಸ್ಕಾಂತ ಇದೆ. ಹೆಬ್ಬೆರಳು ಒತ್ತಿದಂತೆ ಅದು ಸರಿಯುತ್ತದೆ. ಎಷ್ಟು ಸರಿಯಿತೆಂದು ಪಕ್ಕದ ಪುಟ್ಟ ಸೆನ್ಸರ್ ಬಿಲ್ಲೆ ಗುರುತಿಸಿ ಮೋಟರಿಗೆ ಹೇಳುತ್ತದೆ. ಹೊರಗಿಂದ ಇನ್ನೊಂದು ದೊಡ್ಡ ಅಯಸ್ಕಾಂತ ಬಂದರೆ ಬಿಲ್ಲೆಗೆ ತಲೆ ಕೆಟ್ಟಂತೆಯೇ. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಸ್ಕ್ರೂ ಹಾಕಿ, ಸ್ವಿಚ್ ಒತ್ತಿ, "ಏನೂ ಮುಟ್ಟಬೇಡಿ. ಕೈ ಮಾತ್ರ ಹತ್ತಿರ ತನ್ನಿ," ಎಂದ.

ಅಕ್ಕ ಮಣಿಕಟ್ಟನ್ನು ಥ್ರಾಟಲ್ಲಿನ ಪಕ್ಕಕ್ಕೆ ತಂದಳು. ಯಾರೂ ಮುಟ್ಟದ ಚಕ್ರ ಗಿರ್ರನೆ ತಿರುಗಿತು. ಕೈ ಹಿಂದೆಗೆದಳು, ನಿಂತಿತು. ತಂದಳು, ತಿರುಗಿತು. ಸ್ವಿಚ್ ಹಾಕುವಾಗಲೇ ಕೈ ಹತ್ತಿರವಿದ್ದರೆ ಮಾತ್ರ ಸೈಕಲ್ ಅಪಾಯವೆಂದು ತಿಳಿದು ಪೂರ್ತಿ ಮುಷ್ಕರ ಹೂಡುತ್ತಿತ್ತು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಮಗುವಿಗೆ ಆಟಿಕೆ ಸಿಕ್ಕ ಹಾಗೆ ಮತ್ತೆ ಮತ್ತೆ ಮಾಡಿ ನೋಡಿದಳು. ಎದೆಯ ಮೇಲಿನ ಚಪ್ಪಡಿ ಎತ್ತಿಹಾಕಿದಷ್ಟು ಹಗುರವಾಗಿದ್ದಳು.

"ಸ್ಟ್ಯಾಂಡಿನ ಮೇಲೆ ಏನು ಬೇಕಾದ್ರೂ ಆಗುತ್ತೆ. ರಸ್ತೆಗಿಳಿದ್ರೆ ತಾನೇ ಗೊತ್ತಾಗೋದು," ಎಂದ ತಮ್ಮ. ಸೋಲೊಪ್ಪಿಕೊಳ್ಳುವುದು ಅವನ ಜಾಯಮಾನವಲ್ಲ.

ಅಕ್ಕ ಪಟ್ಟಿ ಬಿಚ್ಚಿ, ಅವನ ಬಲಗೈ ಎಳೆದು, ಬಿಗಿಯಾಗಿ ಕಟ್ಟಿದಳು. "ಹಾಗಾದ್ರೆ ನೀನೇ ಹೋಗಿ ಬಾ. ನಿನ್ನ ಕೈ ಗಟ್ಟಿ ಇದೆಯಲ್ಲ."

ಅಷ್ಟರಲ್ಲಿ ಸಂಜೆಯಾಗಿ, ಡ್ರಾಯಿಂಗ್ ಮೇಷ್ಟ್ರು ಹುಡುಕಿಕೊಂಡು ಅಂಗಡಿಗೇ ಬಂದರು. ಅವರ ಕಣ್ಣೆದುರಿಗೇ ತಮ್ಮ ಎಡಗೈಯಲ್ಲಿ ಸ್ವಿಚ್ ಹಾಕಿ, ಬಲಗೈಯಲ್ಲಿ ಹಿಡಿಕೆ ಹಿಡಿದ. ಸೈಕಲ್ ಅವನನ್ನು ಎತ್ತಿಕೊಂಡು ಓಡಿತು. ಬ್ರೇಕ್ ಅದುಮಿ, ಎರಡೂ ಕಾಲು ನೆಲಕ್ಕೆ ಉಜ್ಜಿ, ರಸ್ತೆಯಂಚಿನ ಮರಳುಗುಡ್ಡೆಗೆ ನುಗ್ಗಿ ನಿಂತ. ತಳ್ಳಿಕೊಂಡು ವಾಪಸ್ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಏನು, ಸೈಕಲ್ ಸರಿ ಇಲ್ವಾ?" ಎಂದರು ಮೇಷ್ಟ್ರು.

ತಮ್ಮ ಅಕ್ಕನ ಕಡೆ ನೋಡಿದ. "ಸೈಕಲ್ ಸರಿ ಇದೆ ಮೇಷ್ಟ್ರೇ. ಅಕ್ಕನ ಕೈಯೂ ಸರಿ ಇದೆ. ನನ್ನ ಬಾಯೇ ಸರಿ ಇರಲಿಲ್ಲ. ಇದನ್ನ ಮಾರಲ್ಲ, ಕ್ಷಮಿಸಿ."

ಅಕ್ಕನ ಕಣ್ಣು ತುಂಬಿ ಬಂತು, ಆದರೆ ನಿಲ್ಲಲು ಅವಳಿಗೆ ಪುರುಸೊತ್ತಿರಲಿಲ್ಲ. ಪಟ್ಟಿಯನ್ನು ಅವನ ಕೈಯಲ್ಲೇ ಬಿಟ್ಟು, ಸೈಕಲ್ ಹತ್ತಿ, ಹೆಬ್ಬೆರಳನ್ನು ಮೆಲ್ಲಗೆ ಒತ್ತಿದಳು. ಅವಳು ಒತ್ತಿದಷ್ಟೇ, ಚೂರೂ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ಸೈಕಲ್ ಮುಂದಕ್ಕೆ ಹೋಯಿತು.