ಕೊಪ್ಪಕ್ಕೆ ಬಂದ ಫ್ರೆಂಚ್ ದೆವ್ವ

ಪ್ರೊಜೆಕ್ಟರ್ ಹೊತ್ತುಕೊಂಡು ಊರೂರಿಗೆ ಹೋಗಿ ಹೊರದೇಶದ ಸಿನಿಮಾ ತೋರಿಸುವುದು ನನ್ನ ಕೆಲಸ. ಆ ಭಾನುವಾರ ಕೊಪ್ಪದಲ್ಲಿ ಹಾಕಿದ್ದು ಒಂದು ವಿಚಿತ್ರ ಫ್ರೆಂಚ್ ದೆವ್ವದ ಚಿತ್ರ. ಸತ್ತ ಹುಡುಗಿಯೊಬ್ಬಳು ದಿನಾ ಮನೆಗೆ ಬಂದು ಊಟದ ಮೇಜಿನ ಮುಂದೆ ಸುಮ್ಮನೆ ಕೂರುತ್ತಾಳೆ. ಹೆದರಿದ ಮನೆಯವರು ಕೊನೆಗೆ ಮನೆಯನ್ನೇ ಬಿಟ್ಟು ಹೋಗುತ್ತಾರೆ. ಅಷ್ಟೇ ಕಥೆ.

ಲೈಟ್ ಹಾಕಿದ್ದೇ ತಡ, ವಾದ ಶುರುವಾಯಿತು. ಹೆಂಡತಿಯ ಜೊತೆ ಕಡಹಿನಬೈಲಿನಿಂದ ಬಂದಿದ್ದ ಜಯಣ್ಣ, “ಎಂತ ದೆವ್ವ ಮಾರಾಯ ಇದು? ಒಂದು ಲೋಟ ಸಹ ಬೀಳಿಸಲಿಲ್ಲ,” ಎಂದರು.

“ಆ ಸುಮ್ಮನೆ ಕೂರೋದೇ ಭಯ ಜಯಣ್ಣ. ನಂಗೆ ಬೆವರು ಬಂತು,” ಎಂದರು ಶೃಂಗೇರಿಯ ಮೇಷ್ಟ್ರೊಬ್ಬರು. ಕೂತವರೆಲ್ಲ ಎರಡು ಪಾಲಾದರು.

ಜಯಣ್ಣನ ಹೆಂಡತಿ ಗಿರಿಜಕ್ಕ ಮಾತ್ರ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. “ಹೆದರಿಕೆ ಆಯ್ತಾ ಅಕ್ಕ?” ಎಂದೆ.

“ಹೆದರೋದು ಎಂತಕ್ಕೆ? ಪಾಪ, ಹಸಿದು ಬಂದದ್ದು. ಒಬ್ಬರಾದ್ರೂ ಒಂದು ತಟ್ಟೆ ಇಟ್ರಾ? ತೀರಿಹೋದ ನಮ್ಮ ಮಗಳಿಗೆ ಪ್ರತಿ ವರ್ಷ ಅವಳಿಗೆ ಇಷ್ಟದ್ದೆಲ್ಲ ಮಾಡಿ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ ಹೊರಗೆ ಕಾಯ್ತೇವೆ. ಹೀಗೆ ಕಣ್ಣಿಗೆ ಕಾಣುವಂತೆ ಒಂದು ದಿನವೂ ಬರಲಿಲ್ಲ.”

ನಾನು ವೈರ್ ಸುತ್ತತೊಡಗಿದೆ. ಜಯಣ್ಣ ಹತ್ತಿರ ಬಂದು, “ಆ ಹುಡುಗಿ ಮೊದಲು ಬಂದು ಕೂರ್ತದಲ್ಲ, ಅಷ್ಟು ಮಾತ್ರ ಇನ್ನೊಂದು ಸಲ ಹಾಕ್ತೀಯಾ?” ಎಂದು ಮೆಲ್ಲಗೆ ಕೇಳಿದರು.

ವೈರ್ ಬಿಚ್ಚಿ ಮತ್ತೆ ಹಾಕಿದೆ. ಹೊರಟಿದ್ದ ಮೇಷ್ಟ್ರೂ ಬಂದು ಕೂತರು.

ಇನ್ನು ಮುಂದೆ ನಗಿಸುವ ಸಿನಿಮಾ ತನ್ನಿ ಅಂತ ಆ ಮೇಷ್ಟ್ರೇ ಹೇಳಿಕಳಿಸಿದ್ದಾರೆ. ಅದನ್ನು ನೋಡಿ ಯಾರು ಅಳುತ್ತಾರೋ ಗೊತ್ತಿಲ್ಲ.