ಟೀನಾ ಮಲಗಿದ್ದ ಗೋಣಿಚೀಲ

ಆ ಕಾಲಕ್ಕೆ ನಮ್ಮ ಕೊಳ್ಳೇಗಾಲದ ಸುತ್ತಮುತ್ತ ನಾಯಿಗೆ ತಳಿ ಅಂತ ಇರಲಿಲ್ಲ, ಬಣ್ಣವಷ್ಟೇ ಇತ್ತು. ಕರಿಯ, ಕೆಂಚ, ಬಿಳಿಯ, ಮುಗಿಯಿತು. ಈಗ ಪೇಟೆಯಲ್ಲಿ ನಾಯಿ ಮಾರುವ ಅಂಗಡಿಗಳೇ ಬಂದಿವೆ. ಮೊನ್ನೆ ಪಕ್ಕದ ಮನೆಯ ಗುತ್ತಿಗೆದಾರರು ಎಮ್ಮೆಗರುವಿನಂಥ ಕರಿ ಮರಿಯೊಂದನ್ನು ಹಿಡಿದುಕೊಂಡು ಬಂದು, "ಇಟಲಿ ತಳಿ ಮೇಡಂ, ಕೇನ್ ಕೊರ್ಸೊ ಅಂತ" ಎಂದು ಬೀಗಿದರು. "ಗೊತ್ತು ಬಿಡಿ. ಮನೆಯವರಿಗೆ ಹಸು, ಹೊರಗಿನವರಿಗೆ ಯಮ. ಈಗಲೇ ನಾಲ್ಕು ಜನರ ನಡುವೆ ಓಡಾಡಿಸಿ, ಇಲ್ಲದಿದ್ದರೆ ನಾಳೆ ಅದೇ ನಿಮ್ಮನ್ನು ಆಳುತ್ತದೆ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಇಟಲಿ ನಾಯಿಗಳ ಸಮಾಚಾರ ನನಗೆ ಹತ್ತನೇ ವಯಸ್ಸಿನಿಂದಲೂ ಗೊತ್ತು. ಗೊತ್ತಾಗದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ನನಗೆ ಮೂರು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಅಪ್ಪ ಯಳಂದೂರಿನ ಆಚೆ ಒಂದು ಕರಿಕಲ್ಲಿನ ಕ್ವಾರಿಯಲ್ಲಿ ಜೀಪು ಓಡಿಸುತ್ತಿದ್ದ. ಅಲ್ಲಿನ ತಗಡಿನ ಕೋಣೆಯಲ್ಲಿ ಹೆಣ್ಣುಮಗುವನ್ನು ಇಟ್ಟುಕೊಳ್ಳುವುದು ಹೇಗೆ? ಕೊಳ್ಳೇಗಾಲಕ್ಕೆ ನಾಲ್ಕು ಮೈಲಿ ದೂರದ ಹಳ್ಳಿಯಲ್ಲಿದ್ದ ತನ್ನ ಅಣ್ಣನ ಮನೆಯಲ್ಲಿ ನನ್ನನ್ನು ಬಿಟ್ಟ. ದೊಡ್ಡಪ್ಪ ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು, ಇಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ಆದರೂ ಅದು ನನ್ನ ಮನೆಯಲ್ಲ, ತಪ್ಪು ಮಾಡಿದರೆ ಕಳಿಸಿಬಿಡುತ್ತಾರೆ ಎಂಬ ಭಯವೊಂದು ಸದಾ ಹೊಟ್ಟೆಯಲ್ಲಿ ಕೂತಿರುತ್ತಿತ್ತು. ಯಾರೂ ಹಾಗೆ ಅಂದಿರಲಿಲ್ಲ, ನಾನೇ ಅಂದುಕೊಂಡಿದ್ದೆ.

ಅದು ರೇಷ್ಮೆ ಹುಳು ಸಾಕುವ ಮನೆ. ಹಿತ್ತಲಿನಲ್ಲಿ ಉದ್ದನೆಯ ಹುಳದ ಮನೆ, ಅದರೊಳಗೆ ಅಂತಸ್ತು ಅಂತಸ್ತಾಗಿ ಬಿದಿರಿನ ತಟ್ಟೆಗಳು. ಮೊಟ್ಟೆ ಒಡೆದ ದಿನದಿಂದ ಗೂಡು ಕಟ್ಟುವವರೆಗೆ ಮನೆಗೆ ನೆಂಟರು ಬರುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ನಾನು ಮುಖಕ್ಕೆ ಪೌಡರ್ ಬಳಿದುಕೊಳ್ಳುವಂತಿಲ್ಲ. ಔಷಧಿಯ ಸುದ್ದಿಯಂತೂ ಎತ್ತುವಂತೆಯೇ ಇಲ್ಲ. "ಹುಳ ಅಂದ್ರೆ ಹಸುಗೂಸು ಕಣಮ್ಮಿ. ನಾವು ಉಸ್ರು ಬುಟ್ರೂ ಅದ್ಕೆ ತಾಕ್ತದೆ" ಎನ್ನುತ್ತಿದ್ದಳು ದೊಡ್ಡವ್ವ. ಆ ಹಸುಗೂಸುಗಳಿಗೆ ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕುತ್ತಾ ಅವಳು ಒಳಗೇ ಇರುತ್ತಿದ್ದಳು. ನಾನು ಜಗಲಿಯ ಮೇಲೆ ಕೂತು ಅಳಗುಳಿ ಮಣೆ ಆಡುತ್ತಿದ್ದೆ. ಈ ಕಡೆ ಒಂದು ಆಟ ನನ್ನದು, ಎದ್ದುಹೋಗಿ ಆ ಕಡೆ ಕೂತು ಆಡುವ ಆಟವೂ ನನ್ನದೇ. ಗೆದ್ದರೂ ನಾನೇ, ಸೋತರೂ ನಾನೇ. ನಗಬೇಡಿ, ಅದೇನೂ ನಗುವಂಥ ಆಟವಾಗಿರಲಿಲ್ಲ.

ದೀಪಾವಳಿ ಕಳೆದು ಚಳಿ ಹಿಡಿಯುತ್ತಿದ್ದಾಗ ಅಪ್ಪ ಒಂದು ಭಾನುವಾರ ಟವಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಬಿಚ್ಚಿದರೆ ಬೂದು ಬಣ್ಣದ ಒಂದು ನಾಯಿ. ಕಾಲುಗಳು ಬೆರಳಿನಷ್ಟು ಸಣ್ಣ, ಮೈಮೇಲೆ ಕೂದಲು ಇದೆಯೋ ಇಲ್ಲವೋ ಎಂಬಂತೆ.

"ಇದ್ಯಾವ ಸೀಮೆ ನಾಯ್ಲಾ ತಮ್ಮ? ಕಡ್ಡಿಗೆ ತೊಗ್ಲು ಸುತ್ತಿದಂಗದಲ್ಲ!" ಎಂದರು ದೊಡ್ಡಪ್ಪ.

"ಇಟಲಿದು ಕಣಣ್ಣ. ಕ್ವಾರಿಗೆ ಕಲ್ಲು ನೋಡಕೆ ಬಂದಿದ್ರಲ್ಲ ಇಟಲಿ ಸಾಹೇಬ್ರು, ಅವ್ರ್ದು. ಊರಿಗೆ ವಾಪಸ್ ಒಂಟ್ರು, ನಂಗೆ ಕೊಟ್ಬುಟ್ರು. ಟೀನಾ ಅಂತ ಎಸ್ರು. ಕೂಸ್ಗೆ ಜೊತೆಗಿರ್ಲಿ ಅಂತ ತಂದೆ."

"ಬೊಗುಳ್ತದಾ?"

"ಇಲ್ಲ."

"ಕಚ್ತದಾ?"

"ಊಹೂಂ."

"ಮತ್ತೇನ್ಲಾ ಮಾಡ್ತದೆ?"

"ತೊಡೆ ಮ್ಯಾಲೆ ಮನೀಕತದೆ."

ದೊಡ್ಡವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಂಗಾರೆ ನಮ್ಮನೆಗೆ ಎರಡ್ನೇ ಕೂಸು ಬತ್ತು ಅನ್ನಿ!"

ಅವತ್ತು ಅವರೆಕಾಳಿನ ಸಾರು, ಮುದ್ದೆ. ಉಣ್ಣುತ್ತಾ ಅಪ್ಪ ಸಾಹೇಬರ ಊರಿನ ನಾಯಿಗಳ ಕಥೆ ಹೇಳಿದ. ಸಾಹೇಬರ ಅಪ್ಪನ ಹತ್ತಿರ ಕುರಿ ಕಾಯುವ ಬಿಳಿ ನಾಯಿ ಇದೆಯಂತೆ, ಮರೆಮ್ಮಾ ಅಂತ. ತೋಳ ಬಂದರೂ ಹೆದರುವುದಿಲ್ಲವಂತೆ, ಆದರೆ ಬಾ ಎಂದರೆ ಬರುವುದಿಲ್ಲ, ಹೋಗು ಎಂದರೆ ಹೋಗುವುದಿಲ್ಲ, ತನಗೆ ತೋಚಿದ್ದೇ ಸರಿ. "ನಿಮ್ ದೊಡ್ಡಪ್ಪನ ತರ" ಎಂದು ಅಪ್ಪ ನನಗೆ ಕಣ್ಣು ಮಿಟುಕಿಸಿದ. ಸಾಹೇಬರ ತಮ್ಮನ ಹತ್ತಿರ ಆ ಕರಿ ಕೇನ್ ಕೊರ್ಸೊ. ತಾಯಿಯ ಹತ್ತಿರ ಹತ್ತಿಯುಂಡೆಯಂಥ ಪುಟ್ಟ ವೊಲ್ಪಿನೊ, ಬಾಗಿಲಲ್ಲಿ ಎಲೆ ಅಲ್ಲಾಡಿದರೂ ಊರು ಕೂಗಿ ಕರೆಯುವ ವಾಚಾಳಿ. ಬೇಟೆಗೆ ಹೋಗುವ ಇನ್ನೊಂದಕ್ಕೆ ಮೊಣಕಾಲಿನವರೆಗೆ ಕಿವಿಯಂತೆ, ಮುಖ ನೋಡಿದರೆ ಮನೆ ಕಳೆದುಕೊಂಡವರ ಹಾಗಂತೆ, ಗುಣದಲ್ಲಿ ಮಾತ್ರ ಅಪ್ಪಟ ಸಾಧು.

"ಇದೂ?" ಎಂದು ಕೇಳಿದೆ. ಟೀನಾ ಅಷ್ಟರಲ್ಲಿ ನನ್ನ ಲಂಗದೊಳಗೆ ತಲೆ ತೂರಿಸಿತ್ತು.

"ಇದು ಒಬ್ರುನ್ನ ಇಡಕಂಡ್ರೆ ಬುಡದಿಲ್ವಂತೆ ಕೂಸೆ. ಗದರುಸ್ಬಾರ್ದು. ಚಳಿ ಒಂದ್ ತಡೆಯಕಿಲ್ಲ. ಅದೊಂದ್ ನೋಡ್ಕಬುಡು."

ಅಪ್ಪ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಲಿಲ್ಲ. ಟೀನಾ ಹಿಡಿದದ್ದು ನನ್ನನ್ನು. ನಾನು ಶಾಲೆಯಿಂದ ಬರುವ ಹೊತ್ತಿಗೆ ಜಗಲಿಯ ಬಿಸಿಲು ಎಲ್ಲಿ ಬೀಳುತ್ತದೋ ಅಲ್ಲಿ ಕೂತಿರುತ್ತಿತ್ತು. ನಾನು ಕಂಡೊಡನೆ ಬೀದಿಯ ಆ ತುದಿಯಿಂದ ಈ ತುದಿಗೆ ಓಡುವುದು ಕಣ್ಣಿಗೆ ಬೀಳುತ್ತಿರಲಿಲ್ಲ, ಧೂಳು ಮಾತ್ರ ಕಾಣುತ್ತಿತ್ತು. ಯಾರಾದರೂ ಗಟ್ಟಿಯಾಗಿ ಮಾತನಾಡಿದರೆ ನಡುಗುತ್ತಾ ಮಂಚದ ಕೆಳಗೆ ಸೇರುತ್ತಿತ್ತು. ಅಳಗುಳಿ ಮಣೆಯ ಆಚೆ ಬದಿಗೆ ಅದನ್ನು ಕೂರಿಸಿ, ಅದರ ಪರವಾಗಿ ನಾನೇ ಹುಣಸೆಬೀಜ ಹಾಕಿ, ಬೇಕೆಂದೇ ಅದನ್ನು ಗೆಲ್ಲಿಸುತ್ತಿದ್ದೆ. ರಾತ್ರಿ ಒಂದೇ ಕಂಬಳಿ. ಅದರ ಎದೆಯ ಬಡಿತ ನನ್ನ ಹೊಟ್ಟೆಗೆ ತಾಕುತ್ತಿತ್ತು. ಅವ್ವ ಹೋದ ಮೇಲೆ ಅಷ್ಟು ಹತ್ತಿರ ಮಲಗಿದ ಜೀವ ಇನ್ನೊಂದಿರಲಿಲ್ಲ.

ಪುಷ್ಯದ ಹೊತ್ತಿಗೆ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ನಾಲ್ಕು ಸಲ ಪೊರೆ ಬಿಡುವುದಕ್ಕೆ ನಮ್ಮವರು ಜ್ವರ ಎನ್ನುತ್ತಾರೆ. ಅಲ್ಲಿಂದ ಮುಂದೆ ಏಳೆಂಟು ದಿನ ಹುಳುಗಳಿಗೆ ರಾಕ್ಷಸ ಹಸಿವು, ಆಮೇಲೆ ಗೂಡು. ಅದೇ ವಾರ ಟೀನಾಳ ಕಿವಿಯಲ್ಲಿ, ಕಾಲ್ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆಗಳು ಕಾಣಿಸಿಕೊಂಡವು. ಕೆರೆದು ಕೆರೆದು ಅದರ ತೆಳುವಾದ ತೊಗಲಿನಲ್ಲಿ ರಕ್ತ ಬಂತು. ನನ್ನ ಜೊತೆ ಓದುತ್ತಿದ್ದ ಮಂಗಳಾಳ ಮನೆಯಲ್ಲಿ ಹಸುಗಳಿಗೆ ಹಾಕುವ ಬಿಳಿ ಉಣ್ಣೆಪುಡಿ ಇತ್ತು. ಪೇಪರಿನಲ್ಲಿ ಪೊಟ್ಟಣ ಕಟ್ಟಿ ತಂದುಕೊಟ್ಟಳು. "ಒಂದ್ ಚಿಟಿಕೆ ಸಾಕು ಕಣೆ" ಅಂದಳು.

ಔಷಧಿ ಮನೆಗೆ ತರಬಾರದೆಂದು ನನಗೆ ಗೊತ್ತಿತ್ತು. ಅದಕ್ಕೇ ಟೀನಾಳನ್ನು ಕಾಲುವೆ ಏರಿಗೆ ಕರೆದೊಯ್ದು ಅಲ್ಲಿ ಹಚ್ಚಿದೆ. ಮನೆಗೆ ತಂದಿಲ್ಲವಲ್ಲ, ಮತ್ತೇನು? ಚಿಟಿಕೆಯ ಬದಲು ಹಿಡಿ ಹಚ್ಚಿದೆ, ಬೇಗ ವಾಸಿಯಾಗಲಿ ಎಂದು. ನಾನು ಕೈಕಾಲು ತೊಳೆದು ಬಂದೆ. ಅದನ್ನು ತೊಳೆಯಲಿಲ್ಲ. ಅವತ್ತು ಕಂಬಳಿಯೊಳಗೆ ಬಂದಾಗ ಪುಡಿಯ ಘಾಟಿಗೆ ನನಗೆ ಸೀನು ನಿಲ್ಲಲಿಲ್ಲ. "ಅತ್ಲಾಗ್ ಓಗು" ಎಂದು ಕಾಲಿನಲ್ಲಿ ಹೊರಗೆ ತಳ್ಳಿದೆ. ಸ್ವಲ್ಪ ಹೊತ್ತು ಕುಂಯ್‌ಗುಟ್ಟಿತು. ಆಮೇಲೆ ನನಗೆ ನಿದ್ದೆ.

ಬೆಳಿಗ್ಗೆ ದೊಡ್ಡವ್ವನ ಕೂಗಿಗೆ ಎಚ್ಚರವಾಯಿತು. "ಅಯ್ಯೋ ಮಾದಪ್ಪ! ಹುಳದ್ ಮನೇಲ್ ನಾಯಿ!"

ಚಳಿಗಾಲದಲ್ಲಿ ಹುಳುಗಳಿಗೆ ಶಾಖವಿರಲೆಂದು ಅಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುತ್ತಿದ್ದರು. ನನ್ನ ಕಂಬಳಿಯಿಂದ ತಳ್ಳಿಸಿಕೊಂಡ ಟೀನಾ ಇಡೀ ಮನೆಯಲ್ಲಿ ಬೆಚ್ಚಗಿದ್ದ ಇನ್ನೊಂದೇ ಜಾಗವನ್ನು ಹುಡುಕಿಕೊಂಡಿತ್ತು. ಅಗ್ಗಿಷ್ಟಿಕೆಯ ಪಕ್ಕ, ಸೊಪ್ಪು ತುಂಬುವ ಗೋಣಿಚೀಲಗಳ ಮೇಲೆ ಮುದುಡಿ ಮಲಗಿತ್ತು. ದೊಡ್ಡವ್ವ ಅಟ್ಟಿದಳು, ನೆಲಕ್ಕೆ ಗಂಜಲ ಚಿಮುಕಿಸಿದಳು, ಸೊಪ್ಪಿಗೆ ಹೊತ್ತಾಯಿತೆಂದು ಅದೇ ಚೀಲಗಳನ್ನು ಕೊಡವಿಕೊಂಡು ತೋಟಕ್ಕೆ ಹೊರಟಳು.

ಚೀಲದ ಮೇಲೆ ಬಿಳಿ ಪುಡಿ ನನಗೆ ಕಂಡಿತು. ದೊಡ್ಡವ್ವನ ಕಣ್ಣು ಮಬ್ಬು, ಸುಣ್ಣವೆಂದುಕೊಂಡಿರಬೇಕು. "ದೊಡ್ಡವ್ವ, ಆ ಚೀಲ ಬ್ಯಾಡ" ಎನ್ನಲು ಎಷ್ಟು ಹೊತ್ತು ಬೇಕು? ಯಾಕೆ ಎಂದು ಕೇಳಿದರೆ ಏನು ಹೇಳಲಿ ಎಂದು ಸುಮ್ಮನಾದೆ. ಏನೂ ಆಗಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಶಾಲೆಗೆ ಹೋದೆ.

ಸಂಜೆ ಬಂದಾಗ ಮನೆಯಲ್ಲಿ ಸದ್ದಿರಲಿಲ್ಲ. ಆ ದಿನಗಳಲ್ಲಿ ಹುಳುಗಳು ಸೊಪ್ಪು ತಿನ್ನುವ ಚರಚರ ಸದ್ದು ಅಂಗಳಕ್ಕೂ ಕೇಳುತ್ತಿತ್ತು, ಅದು ನಿಂತಿತ್ತು. ಒಳಗೆ ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತಾ ಬಾಯಲ್ಲಿ ಹಸಿರು ನೀರು ಕಾರುತ್ತಿದ್ದವು. ದೊಡ್ಡವ್ವ ನೆಲದ ಮೇಲೆ ಕೂತಿದ್ದಳು. ಅವಳು ಅಳಲಿಲ್ಲ. ಒಂದೊಂದೇ ಹುಳವನ್ನು ಅಂಗೈಗೆ ತೆಗೆದುಕೊಂಡು ನೋಡಿ ಮತ್ತೆ ಸೊಪ್ಪಿನ ಮೇಲೆ ಮಲಗಿಸುತ್ತಿದ್ದಳು. ನನಗೆ ಅಲ್ಲೇ ಭೂಮಿ ಬಿರಿಯಬಾರದೇ ಅನ್ನಿಸಿತು.

ಮಾರನೆಯ ದಿನ ದೊಡ್ಡಪ್ಪ ಕೊಳ್ಳೇಗಾಲದಿಂದ ರೇಷ್ಮೆ ಇನ್ಸ್‌ಪೆಕ್ಟರನ್ನು ಕರೆತಂದರು. ಅವರು ತಟ್ಟೆ ನೋಡಿದರು, ಮೂಸಿದರು. "ಇದು ರೋಗ ಅಲ್ಲ ಯಜಮಾನ್ರೆ, ಔಷಧಿ ತಾಕಿದೆ. ನಾಯಿ ಮಲಗಿತ್ತು ಅಂದ್ರಲ್ಲ, ಅದಕ್ಕೇನಾದ್ರೂ ಹಾಕಿದ್ರಾ?" ಎಂದರು.

ದೊಡ್ಡಪ್ಪ ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಹಣೆಯ ವಿಭೂತಿ ಬೆವರಿಗೆ ಅಳಿಸಿತ್ತು. ದನಿ ಮಾತ್ರ ಮೆತ್ತಗೆ. "ನಾಯಿಗೆ ಏನಾರ ಹಾಕಿದ್ಯಾ ಕೂಸೆ? ಹಾಕಿದ್ರೆ ಹಾಕಿವ್ನಿ ಅನ್ನು. ತೊಳದ್ಬುಟ್ರೆ ಆಯ್ತು, ಅದ್ರ ತಪ್ಪೇನಿಲ್ಲ. ಹಾಕಿಲ್ಲ ಅಂದ್ರೆ ಅದು ಒಳಿಕ್ ಬಂದ ಮೈಲ್ಗೇನೇ ಹುಳಕ್ಕೆ ಆಗಿಲ್ಲ ಅಂತ. ಅಂಗಾದ್ರೆ ಈ ಮನೇಲಿ ಇಟ್ಕಳಕಾಗಕಿಲ್ಲ."

ನೀವೇ ಹೇಳಿ, ಇದಕ್ಕಿಂತ ಬಿಡಿಸಿ ಕೇಳಲು ಸಾಧ್ಯವೇ? ಹೌದು ಎಂದರೆ ಟೀನಾ ಉಳಿಯುತ್ತಿತ್ತು. ಆದರೆ ಹೌದು ಎಂದರೆ ಹುಳು ಕೊಂದವಳು ನಾನು, ಕಳಿಸುವುದು ನನ್ನನ್ನು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

"ಇಲ್ಲ" ಎಂದೆ.

ಇನ್ಸ್‌ಪೆಕ್ಟರು ನನ್ನನ್ನೇ ನೋಡುತ್ತಿದ್ದರು. "ಮಕ್ಕಳು ಹೆದರಿಕೊಂಡು…" ಎಂದು ಶುರುಮಾಡಿದರು. ದೊಡ್ಡಪ್ಪ ಎದ್ದು ನಿಂತರು. "ಇಲ್ಲ ಸಾ. ನಮ್ ಕೂಸು ಸುಳ್ಳೇಳಕಿಲ್ಲ."

ದೊಡ್ಡವ್ವನ ತವರು ರಾಮಾಪುರ. ಅವಳ ಅಣ್ಣ ಅಲ್ಲಿ ಕಾಡಂಚಿನಲ್ಲಿ ಮೇಕೆ ಸಾಕಿದ್ದ. ಅಪ್ಪ ಆ ತಿಂಗಳು ಕಲ್ಲಿನ ಲಾರಿಗಳ ಹಿಂದೆ ಮಂಗಳೂರಿಗೆ ಹೋಗಿದ್ದ, ಕೇಳುವವರಿರಲಿಲ್ಲ. ದೊಡ್ಡಪ್ಪ ಟೀನಾಳನ್ನು ಬಾವಿಕಟ್ಟೆಯಲ್ಲಿ ಕೂರಿಸಿ ತಾವೇ ಬಿಸಿನೀರು ಹಾಕಿ ತೊಳೆದರು, ಮೈಲಿಗೆ ಕಳೆಯಲೆಂದು. ಉಳಿದಿದ್ದ ಪುಡಿಯೂ ಹೋಯಿತು. ಆಮೇಲೆ ಶಾಲಿನಲ್ಲಿ ಸುತ್ತಿಕೊಂಡು ರಾಮಾಪುರದ ಬಸ್ಸು ಹತ್ತಿದರು. "ನಾಯಿಗೂ ಟಿಕೀಟು ತಕಬೇಕು ಯಜಮಾನ್ರೆ" ಎಂದು ಕಂಡಕ್ಟರು ಗೊಣಗಿದ. ಶಾಲಿನ ಸಂದಿಯಿಂದ ಟೀನಾಳ ಮೂತಿ ಕಾಣುತ್ತಿತ್ತು. ನನ್ನನ್ನು ನೋಡಿತು. ಬೊಗಳಲಿಲ್ಲ, ಅದಕ್ಕೆ ಬೊಗಳಿ ಅಭ್ಯಾಸವಿರಲಿಲ್ಲ. ಬಸ್ಸು ಹೊರಡುವವರೆಗೂ ನನ್ನ ಬಾಯಲ್ಲಿ ಹೌದು ಎಂಬ ಮಾತು ಇತ್ತು. ನುಂಗಿಕೊಂಡೆ.

ಹದಿನೈದು ದಿನದ ಮೇಲೆ ರಾಮಾಪುರದ ಮಾವ ಕೊಳ್ಳೇಗಾಲದ ಸಂತೆಯಲ್ಲಿ ದೊಡ್ಡಪ್ಪನಿಗೆ ಸಿಕ್ಕಿದನಂತೆ. ಮನೆಗೆ ಬಂದ ದೊಡ್ಡಪ್ಪ ತಂದಿದ್ದ ಕಡ್ಲೆಪುರಿ ಪೊಟ್ಟಣವನ್ನು ನನಗೆ ಕೊಡುವುದನ್ನೂ ಮರೆತು ಜಗಲಿಯ ಮೇಲೆ ಕೂತರು. ಎಲ್ಲ ನಾಯಿಯಂತೆ ಅದನ್ನೂ ಮಾವ ಮೇಕೆ ದೊಡ್ಡಿಯ ಹೊರಗೆ ಕಟ್ಟುತ್ತಿದ್ದನಂತೆ. ಅದು ಅನ್ನ ಮುಟ್ಟಲಿಲ್ಲವಂತೆ. ಎಂಟನೇ ದಿನ ಬೆಳಿಗ್ಗೆ ಮಂಜಿನಲ್ಲಿ ಸೆಟೆದುಕೊಂಡು ಬಿದ್ದಿತ್ತಂತೆ.

ನಾನು ಅಳಲು ಶುರುಮಾಡಿದೆ. ದೊಡ್ಡಪ್ಪ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡರು. "ನಂದೇ ತಪ್ಪು ಕೂಸೆ. ಚಳಿ ತಡೆಯಕಿಲ್ಲ ಅಂತ ನಿಮ್ಮಪ್ಪ ಬಾಯ್ಬುಟ್ಟು ಏಳಿದ್ದ. ನಾ ಅವ್ನಿಗೆ ಏಳ್ದೆ ಬಂದ್ಬುಟ್ಟೆ. ನನ್ನ ಮಾಪು ಮಾಡ್ಬುಡು." ಐವತ್ತು ದಾಟಿದ್ದ ಆ ಮನುಷ್ಯ ಹತ್ತು ವರ್ಷದ ನನ್ನ ಕೈಯನ್ನು ತಮ್ಮ ಕಣ್ಣಿಗೆ ಒತ್ತಿಕೊಂಡರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿದ ಮಾತಿನ ಬಗ್ಗೆ ಗಾದೆ ಯಾಕಿಲ್ಲವೋ ಕಾಣೆ. ದೊಡ್ಡವ್ವ ಆಮೇಲೂ ನಾಲ್ಕಾರು ವರ್ಷ ಹುಳು ಸಾಕಿದಳು, ನನ್ನನ್ನು ಯಾರೂ ಎಲ್ಲಿಗೂ ಕಳಿಸಲಿಲ್ಲ. ನನ್ನ ಮದುವೆಯೂ ಅದೇ ಅಂಗಳದಲ್ಲೇ ಆಯಿತು. ಹೇಳಿಬಿಡಬೇಕೆಂದು ಎಷ್ಟು ಸಲ ಹೊರಟೆನೋ ಲೆಕ್ಕವಿಲ್ಲ. ಕಡೆಗೆ ದೊಡ್ಡಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಇವತ್ತು ಹೇಳಿಯೇ ಸೈ ಎಂದು ಮಂಚದ ಪಕ್ಕ ಕೂತೆ. "ದೊಡ್ಡಪ್ಪ, ಟೀನಾ ಇತ್ತಲ್ಲ…" ಎಂದೆ. ಅವರ ಕಣ್ಣು ತುಂಬಿತು. ಮಾತ್ರೆ ಕೊಡಲು ಬಂದ ನರ್ಸಮ್ಮನಿಗೆ ನನ್ನನ್ನು ತೋರಿಸಿ, "ಇವ್ಳಿಗೆ ಒಂದ್ ಅನ್ಯಾಯ ಮಾಡ್ಬುಟ್ಟಿವ್ನಿ ಕಣವ್ವ. ಆದ್ರೂ ಒಂದ್ ದಿನ ನನ್ ಮ್ಯಾಲೆ ಮುನುಸ್ಕಳ್ನಿಲ್ಲ" ಎಂದರು. ನಾನು ಹೊದಿಕೆ ಸರಿಮಾಡಿ ಎದ್ದೆ. ನಾಲ್ಕನೆಯ ದಿನ ಹೋಗಿಬಿಟ್ಟರು.

ಈಗ ಆ ಹುಳದ ಮನೆಯಲ್ಲಿ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ. ನನ್ನ ಕಂಬಳಿಗೆ ಬೇರೆ ನಾಯಿಯನ್ನು ನಾನು ಬಿಟ್ಟುಕೊಂಡಿಲ್ಲ. ಆಫೀಸಿನಲ್ಲಿ ನಾನೊಂದು ಮಾತು ಹೇಳಿದರೆ ರುಜುವಾತಿಗೆ ಕಾಗದ ಕೇಳುತ್ತಾರೆ, ಮನೆಯಲ್ಲಿ ಹೇಳಿದರೆ ಹುಬ್ಬೇರಿಸುತ್ತಾರೆ. ನನ್ನ ಬಾಯಿಂದ ಬಂದದ್ದೆಲ್ಲ ನಿಜವೆಂದು ಲೋಕದ ಮುಂದೆ ಎದ್ದು ನಿಂತು ಹೇಳಿದವರು ಒಬ್ಬರೇ ಇದ್ದರು. ನಾನು ಸುಳ್ಳು ಹೇಳಿದ್ದು ಅವರಿಗೇ.