ಅರಿಜೋನಾವನ್ನು ಕೇಳಿ ಹೇಳುತ್ತೇನೆ

2020ರ ಬೇಸಿಗೆಯಲ್ಲಿ ನನ್ನ ಗಂಡ ಮತ್ತು ಅವರ ಏಳು ಜನ ಸ್ನೇಹಿತರು ಅರಿಜೋನಾ ರಾಜ್ಯದ ಮತದಾರರ ಮನಸ್ಸನ್ನು ಸಂಪೂರ್ಣವಾಗಿ ಅರೆದು ಕುಡಿದಿದ್ದರು. ಇವರಲ್ಲಿ ಯಾರೂ ಅಲ್ಲಿ ವಾಸವಿರಲಿಲ್ಲ. ಎಲ್ಲರೂ ಸ್ಯಾನ್ ಡಿಯಾಗೋದ ಟೆಲಿಕಾಂ ಎಂಜಿನಿಯರುಗಳು, ಎಲ್ಲರೂ ವೀಸಾದ ಮೇಲಿದ್ದವರು. ಎಂಟು ಜನರಲ್ಲಿ ಒಬ್ಬರಿಗೂ ಈ ದೇಶದಲ್ಲಿ ಓಟಿರಲಿಲ್ಲ. ಧಾರವಾಡದ ಕಡೆಯವರೊಬ್ಬರು ಮಾತ್ರ ಅಲ್ಲಿನ ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಹೋದಾಗ ದಾರಿಯಲ್ಲಿ ಪೆಟ್ರೋಲ್ ಬಂಕಿನ ಮುದುಕನೊಬ್ಬನನ್ನು ಮಾತಾಡಿಸಿದ್ದರು. ಆ ಐದು ನಿಮಿಷದ ಬಲದಿಂದ ಅವರು ಗುಂಪಿನಲ್ಲಿ ಗ್ರಾಮೀಣ ಮತದಾರರ ತಜ್ಞರಾಗಿದ್ದರು.

ಕೋವಿಡ್‌ಗೆ ಮೊದಲು ಈ ಸಭೆ ಪ್ರತಿ ಶನಿವಾರ ಮಧ್ಯಾಹ್ನ ನಮ್ಮೂರಿನ ಕರ್ನಿ ಮೆಸಾ ಬಡಾವಣೆಯ ಹೋಟೆಲಿನಲ್ಲಿ ದೋಸೆಯ ಮುಂದೆ ನಡೆಯುತ್ತಿತ್ತು. ಆಮೇಲೆ ವಿಡಿಯೋ ಕಾಲಿಗೆ ಬಂತು, ಅಂದರೆ ನಮ್ಮ ಊಟದ ಮೇಜಿಗೆ ಬಂತು. ಫೋನಿನ ಸಿಗ್ನಲ್ಲಿನಿಂದ ಗದ್ದಲವನ್ನು ಬೇರ್ಪಡಿಸುವುದು ನನ್ನ ಗಂಡನ ಉದ್ಯೋಗ. ಅರಿಜೋನಾದ ಜನರನ್ನೂ ಹಾಗೆಯೇ ಸೋಸಬಹುದೆಂದು ಅವರು ನಂಬಿದ್ದರು. ಅಧ್ಯಕ್ಷರ ಚುನಾವಣೆಗೆ ಇನ್ನೂ ಎಷ್ಟೋ ತಿಂಗಳಿತ್ತು. ಆದರೂ ಮತದಾರರನ್ನು ಸಮೀಕ್ಷೆ ಮಾಡಿದ ಪ್ರತಿ ಹೊಸ ಪೋಲ್ ಬಂದಾಗ ಎಷ್ಟು ಜನರನ್ನು ಕೇಳಿದರು, ಲ್ಯಾಂಡ್‌ಲೈನಿಗೆ ಫೋನ್ ಮಾಡಿದರೋ ಮೊಬೈಲಿಗೋ ಎಂದು ವಿಚಾರಣೆ ನಡೆಸಿ, ಕೊನೆಗೆ ತಮ್ಮದೇ ಒಂದು 'ಕರೆಕ್ಷನ್' ಸೇರಿಸಿ ಗ್ರಾಫ್ ಎಳೆಯುತ್ತಿದ್ದರು. ತಮಗೆ ಬೇಕಾದಂತೆ ಬಂದರೆ ಅದು ಒಳ್ಳೆಯ ಪೋಲ್. ಬೇಡದಂತೆ ಬಂದರೆ ಸ್ಯಾಂಪಲ್ ಸರಿಯಿಲ್ಲ.

ನಾನು ನಕ್ಕು ಸುಮ್ಮನಿರಬಹುದಿತ್ತು, ಆದರೆ ಆ ಗ್ರಾಫಿಗೆ ನನ್ನನ್ನೇ ಕಟ್ಟಿಹಾಕಿದ್ದರು. ಗಂಡನ ವೀಸಾದ ಮೇಲೆ ಬಂದ ನನ್ನಂಥ ಹೆಂಡತಿಯರ ವರ್ಕ್ ಪರ್ಮಿಟ್ ರದ್ದು ಮಾಡುತ್ತೇವೆಂದು ಆಗಿನ ಸರ್ಕಾರ ಹೇಳುತ್ತಲೇ ಇತ್ತು. ಅರಿಜೋನಾ ಕೈಕೊಟ್ಟರೆ ಆ ಸರ್ಕಾರ ಬೀಳುತ್ತದೆ, ನನ್ನ ಪರ್ಮಿಟ್ ಉಳಿಯುತ್ತದೆ ಎಂಬುದು ಇವರ ಲೆಕ್ಕ. ವರ್ಷಗಟ್ಟಲೆ ಕಾದು ಪಡೆದ ಆ ಪರ್ಮಿಟ್ಟಿನ ಮೇಲೆ, ಆಗಸ್ಟಿನಲ್ಲಿ, ನನಗೊಂದು ಕೆಲಸ ಸಿಕ್ಕಿತು. ಮದುವೆಗೆ ಮುಂಚೆ ನಾನು ಮಂಗಳೂರಿನಲ್ಲಿ ಹಡಗಿನ ಸರಕಿನ ಕಾಗದಪತ್ರ ನೋಡುವ ಕಚೇರಿಯಲ್ಲಿದ್ದವಳು. ನಮ್ಮ ಮನೆಯಿಂದ ಎರಡು ಗಂಟೆಯ ದಾರಿ, ಲಾಸ್ ಏಂಜಲೀಸಿನ ಬಂದರು ಇರುವ ಸ್ಯಾನ್ ಪೀಡ್ರೊದಲ್ಲಿ ಅದೇ ಕೆಲಸ. ಇಂಟರ್‌ವ್ಯೂನಲ್ಲೇ ಕೆಲಸ ಕೊಟ್ಟರು; ಹೊರಬಂದು ಕ್ರೇನುಗಳನ್ನು ನೋಡುತ್ತ ಕಾರಿನಲ್ಲಿ ಕೂತು ಅತ್ತಿದ್ದೆ. ಬರುವ ದಾರಿಯಲ್ಲಿ, ಇಂಡಿಯನ್ ಅಂಗಡಿಗಳ ಸಾಲಿರುವ ಆರ್ಟೀಸಿಯಾದಲ್ಲಿ ನಿಲ್ಲಿಸಿ ಮೈಸೂರು ಪಾಕ್ ಕಟ್ಟಿಸಿಕೊಂಡೆ.

ಮೈಸೂರು ಪಾಕ್ ತಿನ್ನುತ್ತಲೇ ಗಂಡ ಕೇಳಿದರು, "ಯಾವಾಗ ಹೇಳ್ಬೇಕಂತೆ?"

"ಶುಕ್ರವಾರದೊಳಗೆ."

"ಒಂದು ವಾರ ಟೈಮ್ ಕೇಳು. ಅರಿಜೋನಾದ್ದು ಹೊಸ ಪೋಲ್ ಬರುತ್ತೆ. ವಾರಕ್ಕೆ ನಾಲ್ಕು ದಿನ ಅಲ್ಲೇ ರೂಮ್ ಮಾಡ್ಕೊಂಡು ಇರ್ಬೇಕು, ಆಮೇಲೆ ಪರ್ಮಿಟ್ ಹೋದ್ರೆ ಎಲ್ಲ ವೇಸ್ಟ್ ಅಲ್ವಾ?"

ಬಂದರಿನ ಕೆಲಸ ಮಾಡಿದವರಿಗೆ ಗೊತ್ತು, ಹಡಗು ಎಂದು ಬರುತ್ತದೆಂಬ ಅಂದಾಜು ಬರೀ ಅಂದಾಜು. ಅದನ್ನು ನೋಡಿಕೊಂಡು ಯಾರೂ ಬಂದರಿಗೆ ಬೀಗ ಹಾಕುವುದಿಲ್ಲ. ಇದನ್ನು ಹೇಳಬೇಕಿತ್ತು. ಹೇಳದೆ, ಮ್ಯಾನೇಜರಿಗೆ ಮೇಲ್ ಬರೆದು 'ಕುಟುಂಬದ ಕಾರಣ'ಕ್ಕೆ ಒಂದು ವಾರ ಕೇಳಿದೆ. ಅರಿಜೋನಾವನ್ನು ಕೇಳಿ ಹೇಳುತ್ತೇನೆ ಎಂದು ಬರೆಯಲಾಗುತ್ತದೆಯೇ? ಆ ಮಹಾತಾಯಿ ಕೊಟ್ಟಳು.

ಹೊಸ ಪೋಲ್ ಬಂತು. ಇವರ ಕಡೆಯ ಅಭ್ಯರ್ಥಿಯ ಮುನ್ನಡೆಯ ಅಂತರ ಕಡಿಮೆಯಾಗಿತ್ತು. ಶನಿವಾರದ ವಿಡಿಯೋ ಕಾಲಿನಲ್ಲಿ ಸಾವಿನ ಮನೆಯ ಕಳೆ. ಒಬ್ಬರು ಇದು ಬರೀ ಮಾರ್ಜಿನ್ ಆಫ್ ಎರರ್, ಸಮೀಕ್ಷೆಯಲ್ಲಿ ಸಹಜವಾದ ಏರುಪೇರು ಎಂದರು, ಇನ್ನೊಬ್ಬರು ಟ್ರೆಂಡ್ ಎಂದರು. ಧಾರವಾಡದವರು ಮುಖ ಸಣ್ಣ ಮಾಡಿಕೊಂಡು, "ಹಳ್ಳಿ ಮಂದಿ ಫೋನ್ ಎತ್ತೂದಿಲ್ರೀ. ಬಂಕಿನ್ಯಾಗಿನ ಆ ಮುದುಕನ್ನ ಯಾರರೆ ಕೇಳ್ಯಾರೇನು?" ಎಂದರು. ಆ ಮುದುಕನ ಉತ್ತರವಿಲ್ಲದೆ ನನ್ನ ಕೆಲಸ ತೀರ್ಮಾನವಾಗುವಂತಿರಲಿಲ್ಲ. ಇನ್ನೊಂದು ವಾರ ಕಾಯುವುದೆಂದು ಎಂಟು ಮಂದಿಯ ಒಮ್ಮತವಾಯಿತು. ಒಂಬತ್ತನೆಯವಳಾಗಿ ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ.

ಎರಡನೆಯ ಮೇಲ್ ಬರೆದದ್ದೂ ನನ್ನ ಕೈಯೇ. ಅದನ್ನು ಗಂಡನ ತಲೆಗೆ ಕಟ್ಟುವುದಿಲ್ಲ. ಉತ್ತರ ಎರಡು ಸಾಲಿನದು: ನಿಮ್ಮ ಆಸಕ್ತಿಗೆ ಧನ್ಯವಾದ, ಹುದ್ದೆಗೆ ಬೇರೊಬ್ಬರನ್ನು ತೆಗೆದುಕೊಂಡಿದ್ದೇವೆ. ಗಂಡನಿಗೆ ತೋರಿಸಿದೆ. ಅವರು ಓದಿ, "ಹೋಗ್ಲಿ ಬಿಡು, ರಿಸ್ಕ್ ತಪ್ಪಿತು," ಎಂದರು. ಮೈಯೆಲ್ಲ ಉರಿದುಹೋಯಿತು. ಆದರೂ ಕುಕ್ಕರ್ ಇಟ್ಟೆ.

ನವೆಂಬರಿನಲ್ಲಿ ಎಣಿಕೆ ದಿನಗಟ್ಟಲೆ ನಡೆದು ಫಲಿತಾಂಶ ಬಂತು. ಅರಿಜೋನಾ ಇವರು ಹೇಳಿದ ಕಡೆಗೇ ವಾಲಿತ್ತು, ಕೂದಲೆಳೆಯಷ್ಟು. ಆ ಶನಿವಾರ ಪರದೆಯ ಎಂಟೂ ಚೌಕಗಳಲ್ಲಿ ಎಂಟು ಮುಖ ಬೆಳಗುತ್ತಿದ್ದವು, ಇವರೇ ಹೋಗಿ ಓಟು ಹಾಕಿ ಬಂದ ಹಾಗೆ. ನನ್ನ ಗಂಡ ಜೂನಿನಿಂದಲೂ ಎಳೆದ ಗ್ರಾಫನ್ನೆಲ್ಲ ಮತ್ತೆ ತೋರಿಸಿದರು. ನಾನು ಚಹಾ ತಂದಿಟ್ಟದ್ದು ಕ್ಯಾಮೆರಾದಲ್ಲಿ ಕಂಡಿತೇನೋ, ಒಬ್ಬರು ಕೂಗಿದರು, "ಕಂಗ್ರಾಟ್ಸ್ ಮೇಡಂ! ನಿಮ್ ವರ್ಕ್ ಪರ್ಮಿಟ್ ಸೇಫ್!"

ಪರ್ಸಿನಿಂದ ಪರ್ಮಿಟ್ ಕಾರ್ಡ್ ತೆಗೆದು ಕ್ಯಾಮೆರಾಕ್ಕೆ ಹಿಡಿದೆ.

"ಇದರಲ್ಲಿ ತಾರೀಕು ಉಂಟಲ್ಲ, ಓದಿ ಮಾರಾಯ್ರೆ."

ಧಾರವಾಡದವರು ಕನ್ನಡಕ ಏರಿಸಿ ಓದಿದರು. ಕಾರ್ಡು ಮುಂದಿನ ವರ್ಷದ ಕೊನೆಯವರೆಗೂ ಊರ್ಜಿತವಿತ್ತು. ಯಾರು ಗೆದ್ದಿದ್ದರೂ ಆಗಸ್ಟಿನಲ್ಲಿ ನಾನು ಕೆಲಸಕ್ಕೆ ಸೇರಬಹುದಿತ್ತು.

"ಪರ್ಮಿಟ್ ಆಗಲೂ ಇತ್ತು, ಈಗಲೂ ಉಂಟು. ಕೆಲಸ ಎಲ್ಲಿ ಉಂಟು, ಅದನ್ನೊಂದು ಗ್ರಾಫ್ ಹಾಕಿ ಹೇಳಿ."

ಒಂದೊಂದೇ ಚೌಕ ಮ್ಯೂಟ್ ಆಯಿತು. ಗಂಡ ನನ್ನ ಮುಖ ನೋಡದೆ ಮೆಲ್ಲಗೆ ಕೇಳಿದರು, "ಈ ಡೇಟ್ ನಿಂಗೆ ಮೊದಲೇ ಗೊತ್ತಿತ್ತಾ?"

ಗೊತ್ತಿತ್ತು. ಇಂಟರ್‌ವ್ಯೂ ದಿನ ಅದನ್ನು ತೋರಿಸಿಯೇ ಒಳಗೆ ಹೋಗಿದ್ದೆ. ಕಾರ್ಡಿನ ಮೇಲೆ ಅಚ್ಚಾದ ತಾರೀಕನ್ನು ಬಿಟ್ಟು, ಓಟಿಲ್ಲದ ಎಂಟು ಗಂಡಸರ ಅಂದಾಜನ್ನು ನಂಬಿದವಳು ನಾನೇ.